ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಎರಡು ಕನ್ವರ್ಟರ್ ತಿಂದ ಕಾರಿನ ಪ್ರಕರಣ

ಈ ಬರಹದಲ್ಲಿ ಕಾರಿನ ಕಂಪನಿ, ಊರು, ಮೊದಲು ಕೆಲಸ ಮಾಡಿದ ಗ್ಯಾರೇಜು ಯಾವುದರ ಹೆಸರೂ ಇಲ್ಲ. ಮಾಲೀಕರನ್ನು ರಾಯರು ಅಂತ ಕರೆಯುತ್ತೇನೆ. ಅವರ ನಿಜವಾದ ಹೆಸರು ಬೇರೆ. ನನ್ನದು ಮಲೆನಾಡಿನ ಅಂಚಿನಲ್ಲಿರುವ ಒಂದು ಸಣ್ಣ ಗ್ಯಾರೇಜು. ನಾನು, ನನ್ನ ಜೊತೆ ಇಬ್ಬರು ಹುಡುಗರು. ಇದನ್ನು ಬರೆಯಲು ಕಾರಣ ಇಷ್ಟೇ. ಒಂದು ಭಾಗ ಯಾಕೆ ಕೆಟ್ಟಿತು ಅಂತ ಹುಡುಕದೆ ಹೊಸದು ಹಾಕಿ ಕಳಿಸುವ ತಪ್ಪನ್ನು ವಾರಕ್ಕೊಂದು ಕಾರಿನಲ್ಲಿ ನೋಡುತ್ತೇನೆ. ಈ ಕಾರಿನಲ್ಲಿ ನಾನೂ ಅದನ್ನೇ ಮಾಡುವವನಿದ್ದೆ.

ಗಾಡಿ, ಮಾಲೀಕರು

ರಾಯರು ನಿವೃತ್ತ ನೌಕರರು. ಕಾರು 2016ರದ್ದು, 1.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, ಬಿಎಸ್4 (ಹೊಗೆಯ ಮಾಲಿನ್ಯಕ್ಕೆ ಸರ್ಕಾರ ಇಟ್ಟ ಭಾರತ್ ಸ್ಟೇಜ್ 4 ಮಟ್ಟ). ಮಗಳ ಮನೆ ಘಟ್ಟದ ಕೆಳಗೆ, ಕರಾವಳಿಯಲ್ಲಿ. ತಿಂಗಳಿಗೆ ಎರಡು ಸಲ ಘಾಟಿ ಇಳಿದು ಹತ್ತುತ್ತಾರೆ. ಉಳಿದ ದಿನ ಕಾರಿಗೆ ಕೆಲಸ ಕಡಿಮೆ. ಬೆಳಿಗ್ಗೆ ದೇವಸ್ಥಾನಕ್ಕೆ ಎರಡು ಕಿಲೋಮೀಟರ್, ಸಂಜೆ ತರಕಾರಿಗೆ ಒಂದು ಕಿಲೋಮೀಟರ್.

ಗಾಡಿ 88,000 ಕಿಲೋಮೀಟರ್ ಓಡಿದ್ದಾಗ ಚೆಕ್ ಎಂಜಿನ್ ಲೈಟ್ ಬಂತು. ರಾಯರು ಹತ್ತಿರದ ಒಂದು ಗ್ಯಾರೇಜಿಗೆ ಹೋದರು. ಅಲ್ಲಿ ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದರು. ಪಿ0420 ಅಂತ ಕೋಡ್ ಬಂತು. ಕೋಡ್ ಅಳಿಸಿ, ಏರ್ ಫಿಲ್ಟರ್ ಬದಲಿಸಿ, ಇಂಜೆಕ್ಟರ್ ಕ್ಲೀನ್ ಮಾಡಿ, ಟ್ಯಾಂಕಿಗೆ ಒಂದು ಬಾಟಲಿ ಔಷಧಿ ಸುರಿದು ಕಳಿಸಿದರು. ಮೂರು ವಾರಕ್ಕೆ ಲೈಟ್ ಮತ್ತೆ ಬಂತು. ಈ ಸಲ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಡಬ್ಬಿ, ಹೋಗಿದೆ ಅಂದರು. ಕಂಪನಿಯದ್ದು ದುಬಾರಿ ಅಂತ ಹೊರಗಿನದ್ದನ್ನು ₹11,000ಕ್ಕೆ ಹಾಕಿಸಿದರು. ಲೈಟ್ ಆರಿತು. ರಾಯರು ಖುಷಿಯಾದರು.

ಐದು ತಿಂಗಳಾಯಿತು. 6,200 ಕಿಲೋಮೀಟರ್ ಓಡಿತು. ಲೈಟ್ ಮತ್ತೆ ಹತ್ತಿತು. ಈ ಸಲ ಪಿಕಪ್ ಕೂಡ ಸತ್ತಿತ್ತು. ಘಾಟಿಯಲ್ಲಿ ಲಾರಿಗಳು ಹಾರ್ನ್ ಹೊಡೆದು ಇವರನ್ನೇ ಓವರ್‌ಟೇಕ್ ಮಾಡಿದವಂತೆ. ಆ ಅವಮಾನಕ್ಕೇ ಅವರು ಗ್ಯಾರೇಜು ಬದಲಿಸಿದ್ದು ಅಂತ ನನ್ನ ಅನುಮಾನ.

ಪಿ0420 ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮುಂದಿನದ್ದು ಅರ್ಥವಾಗಬೇಕಾದರೆ ಕನ್ವರ್ಟರ್ ಏನು ಮಾಡುತ್ತದೆ ಅಂತ ಗೊತ್ತಿರಬೇಕು. ರಾಯರಿಗೂ ಅವತ್ತು ಕಾಫಿ ಕುಡಿಯುತ್ತಾ ಹೇಳಿದ್ದೆ. ಇಲ್ಲೂ ಹೇಳುತ್ತೇನೆ.

ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಹೊಗೆಯಲ್ಲಿ ಮೂರು ಕೆಟ್ಟ ವಸ್ತು ಉಳಿಯುತ್ತವೆ. ಒಂದು, ಅರ್ಧ ಉರಿದ ಕಾರ್ಬನ್ ಮೊನಾಕ್ಸೈಡ್. ಎರಡು, ಉರಿಯದೇ ಉಳಿದ ಪೆಟ್ರೋಲಿನ ಅಂಶ, ಅಂದರೆ ಹೈಡ್ರೋಕಾರ್ಬನ್. ಮೂರು, ಸಿಲಿಂಡರಿನ ಒಳಗಿನ ಬಿಸಿಗೆ ಗಾಳಿಯ ಸಾರಜನಕವೇ ಆಮ್ಲಜನಕದ ಜೊತೆ ಸೇರಿ ಹುಟ್ಟುವ ನೈಟ್ರೋಜನ್ ಆಕ್ಸೈಡ್‌ಗಳು. ಮೊದಲ ಎರಡಕ್ಕೆ ಆಮ್ಲಜನಕ ಕೊಡಬೇಕು. ಮೂರನೆಯದರಿಂದ ಆಮ್ಲಜನಕ ಕಿತ್ತುಕೊಳ್ಳಬೇಕು. ಕನ್ವರ್ಟರ್ ಒಂದೇ ಡಬ್ಬಿಯಲ್ಲಿ ಎರಡನ್ನೂ ಮಾಡುತ್ತದೆ. ಕೊನೆಗೆ ಹೊರಗೆ ಬರುವುದು ಕಾರ್ಬನ್ ಡೈಆಕ್ಸೈಡ್, ನೀರಾವಿ, ಸಾರಜನಕ. ಕಾರ್ಬನ್ ಡೈಆಕ್ಸೈಡ್ ಮಾತ್ರ ಇದರಿಂದ ಒಂದು ಚೂರೂ ಕಡಿಮೆ ಆಗಲ್ಲ. ಎಂಜಿನ್ನಿನಿಂದ ಬಂದಿದ್ದಕ್ಕೆ ಕನ್ವರ್ಟರ್ ಇನ್ನೂ ಸ್ವಲ್ಪ ಸೇರಿಸಿಯೇ ಕಳಿಸುತ್ತದೆ.

ಡಬ್ಬಿಯ ಒಳಗೆ ಪಿಂಗಾಣಿಯಂಥ ಒಂದು ಇಟ್ಟಿಗೆ. ಅದರ ತುಂಬ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕೊಳವೆ. ಸಾಮಾನ್ಯವಾಗಿ ಒಂದು ಚದರ ಇಂಚಿಗೆ 400 ತೂತು. ಕೊಳವೆಗಳ ಗೋಡೆಗೆ ಅಲ್ಯೂಮಿನಾದ ಒರಟು ಲೇಪ. ಆ ಲೇಪದಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಕಣಗಳು. ಎಲ್ಲಾ ಸೇರಿ ಕೆಲವೇ ಗ್ರಾಂ. ಪ್ಲಾಟಿನಂ, ಪಲ್ಲಾಡಿಯಂ ಮುಖ್ಯವಾಗಿ ಆಮ್ಲಜನಕ ಸೇರಿಸುವ ಕೆಲಸ ಮಾಡುತ್ತವೆ. ರೋಡಿಯಂ ನೈಟ್ರೋಜನ್ ಆಕ್ಸೈಡನ್ನು ಬಿಡಿಸುತ್ತದೆ. ಈ ಲೋಹಗಳು ತಾವು ಖರ್ಚಾಗುವುದಿಲ್ಲ. ಪುರೋಹಿತರ ಹಾಗೆ, ಜೋಡಿ ಕೂಡಿಸಿ ಮುಂದಿನ ಮನೆಗೆ ಹೋಗುತ್ತವೆ ಅಂದೆ. ರಾಯರು ತಕ್ಷಣ, "ಹಾಗಾದ್ರೆ ನಿನ್ನ ರೋಡಿಯಂ ವಿಚ್ಛೇದನದ ವಕೀಲ ಅನ್ನು" ಅಂದರು. ಅದಾದ ಮೇಲೆ ನಾನೂ ಗಿರಾಕಿಗಳಿಗೆ ಹಾಗೇ ಹೇಳುತ್ತೇನೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಒಂದು ಕೈಯಲ್ಲಿ ಆಮ್ಲಜನಕ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳಬೇಕಾದರೆ ಗಾಳಿ–ಪೆಟ್ರೋಲಿನ ತೂಕದ ಲೆಕ್ಕ 14.7ಕ್ಕೆ 1ರ ಆಸುಪಾಸಿನಲ್ಲೇ ಇರಬೇಕು. ಗಾಳಿ ಜಾಸ್ತಿಯಾದರೆ ನೈಟ್ರೋಜನ್ ಆಕ್ಸೈಡ್ ಉಳಿಯುತ್ತದೆ, ಪೆಟ್ರೋಲ್ ಜಾಸ್ತಿಯಾದರೆ ಕಾರ್ಬನ್ ಮೊನಾಕ್ಸೈಡ್ ಉಳಿಯುತ್ತದೆ. ಈ ಲೆಕ್ಕ ಇಡಲು ಕನ್ವರ್ಟರಿನ ಮುಂದೆ ಒಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಅದರ ವೋಲ್ಟೇಜ್ 0.1ರಿಂದ 0.9ರ ತನಕ ಉಯ್ಯಾಲೆ ಆಡುತ್ತಾ ಇರುತ್ತದೆ. ಕಂಪ್ಯೂಟರ್ ಅದನ್ನು ನೋಡಿ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತದೆ. ಲೇಪದಲ್ಲಿರುವ ಸೀರಿಯಂ ಆಕ್ಸೈಡ್ ಆಮ್ಲಜನಕ ಜಾಸ್ತಿ ಬಂದಾಗ ಹಿಡಿದಿಟ್ಟುಕೊಂಡು, ಕಡಿಮೆಯಾದಾಗ ಬಿಟ್ಟುಕೊಡುತ್ತದೆ. ಮನೆಯಲ್ಲಿ ಅಜ್ಜಿ ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಡುತ್ತಿದ್ದರಲ್ಲ, ಹಾಗೆ. ಹಾಗಾಗಿ ಕನ್ವರ್ಟರ್ ಚೆನ್ನಾಗಿದ್ದರೆ ಅದರ ಹಿಂದಿನ ಸೆನ್ಸರ್ 0.6–0.7 ವೋಲ್ಟಿನಲ್ಲಿ ತೆಪ್ಪಗೆ ಕೂತಿರುತ್ತದೆ. ಹಿಂದಿನದ್ದೂ ಮುಂದಿನದ್ದರ ಜೊತೆ ಕುಣಿಯಲು ಶುರು ಮಾಡಿದರೆ ಡಬ್ಬಿಯಲ್ಲಿ ಉಳಿತಾಯ ಮುಗಿದಿದೆ ಅಂತ ಅರ್ಥ. ಆಗ ಬರುವುದೇ ಪಿ0420.

ಅಂದರೆ ಈ ಕೋಡ್ ಸಾವಿನ ಸರ್ಟಿಫಿಕೇಟ್ ಇದ್ದ ಹಾಗೆ. ಯಾಕೆ ಸತ್ತಿತು ಅಂತ ಅದರಲ್ಲಿ ಬರೆದಿರುವುದಿಲ್ಲ. ಕನ್ವರ್ಟರಿನಲ್ಲಿ ಸವೆಯುವ ಗೇರಿಲ್ಲ, ತಿರುಗುವ ಬೇರಿಂಗ್ ಇಲ್ಲ. ಸುಮ್ನೆ ಕೂತಿರುವ ವಸ್ತು. ಅದು ಅವಧಿಗೆ ಮುಂಚೆ ಸತ್ತಿದೆ ಅಂದರೆ ಬಹುತೇಕ ಯಾರೋ ಕೊಂದಿದ್ದಾರೆ.

ನಾವು ನೋಡಿದ್ದು

ಪಿಕಪ್ ಇಲ್ಲ ಅಂದರೆ ಪೆಟ್ರೋಲ್ ಪಂಪು, ಫಿಲ್ಟರ್, ಕ್ಲಚ್ ಅಂತ ಹತ್ತು ಕಾರಣ ಇರುತ್ತವೆ. ಕ್ಲಚ್ ಸರಿಯಿತ್ತು. ಪೆಟ್ರೋಲ್ ಪ್ರೆಷರ್ ಸರಿಯಿತ್ತು. ಆಮೇಲೆ ಇನ್‌ಟೇಕ್ ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಹಾಕಿದೆ. ಐಡಲಿಂಗ್‌ನಲ್ಲಿ 18 ಇಂಚು (ಪಾದರಸದ ಲೆಕ್ಕದಲ್ಲಿ), ಒಳ್ಳೆಯದೇ. ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂನಲ್ಲಿ ಹಿಡಿದೆ. ಮುಳ್ಳು ಮೆಲ್ಲಗೆ ಇಳಿಯುತ್ತಾ ಇಳಿಯುತ್ತಾ ಹತ್ತರ ಹತ್ತಿರ ಬಂತು. ಹೊಗೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಹೀಗೆ ಆಗುತ್ತದೆ. ಖಚಿತ ಮಾಡಿಕೊಳ್ಳಲು ಮುಂದಿನ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಷರ್ ಗೇಜ್ ಕೂರಿಸಿದೆ. 2,500 ಆರ್‌ಪಿಎಂನಲ್ಲಿ 3 ಪಿಎಸ್‌ಐ ಒಳಗೆ ಇರಬೇಕು. ಇಲ್ಲಿ 8 ತೋರಿಸಿತು.

ಕನ್ವರ್ಟರ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆವು. ಜೇನುಗೂಡಿನ ಮುಖದ ಮೇಲೆ ಮುಕ್ಕಾಲು ಭಾಗ ಕರಗಿ ಗಾಜಿನ ಹಾಗೆ ಮೆತ್ತಿಕೊಂಡಿತ್ತು. ಐದು ತಿಂಗಳ ಹಿಂದೆ ಹಾಕಿದ ಹೊಸ ಸಾಮಾನು ಅದು.

ಆ ಇಟ್ಟಿಗೆ ಕರಗಲು 1,400 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು ಬಿಸಿ ಬೇಕು. ಕನ್ವರ್ಟರ್ ಮಾಮೂಲಿಯಾಗಿ ಕೆಲಸ ಮಾಡುವುದು 400ರಿಂದ 800 ಡಿಗ್ರಿಯಲ್ಲಿ. ಹೊಗೆಯೊಂದರಿಂದಲೇ ಅಷ್ಟು ಬಿಸಿ ಬರಲು ಸಾಧ್ಯವಿಲ್ಲ. ಒಳಗೇ ಏನೋ ಉರಿದಿರಬೇಕು. ಅಂದರೆ ಹಸಿ ಪೆಟ್ರೋಲ್ ಬಂದು ಬಿದ್ದಿದೆ.

ಸ್ಕ್ಯಾನರಿನಲ್ಲಿ ಎರಡು ಕೋಡ್ ಇದ್ದವು. ಒಂದು ಪಿ0420. ಇನ್ನೊಂದು ಪಿ0302, ಎರಡನೇ ಸಿಲಿಂಡರ್ ಮಿಸ್ಸಿಂಗ್, ಅಂದರೆ ಅದರಲ್ಲಿ ಪೆಟ್ರೋಲ್ ಆಗಾಗ ಉರಿಯದೇ ಹೋಗುತ್ತಿದೆ. ಆದರೆ ಗಾಡಿ ನಮ್ಮ ಅಂಗಳದಲ್ಲಿ ಗಡಿಯಾರದ ಹಾಗೆ ಓಡುತ್ತಿತ್ತು. ಅರ್ಧ ಗಂಟೆ ಐಡಲಿಂಗ್‌ನಲ್ಲಿ ಬಿಟ್ಟರೂ ಮಿಸ್ಸಿಂಗ್ ಕೌಂಟರ್ ಸೊನ್ನೆ.

ಇಲ್ಲಿ ಒಂದು ನಿರ್ಧಾರ ಮಾಡಬೇಕಾಯಿತು. ಹೊಸ ಕನ್ವರ್ಟರ್ ಆರ್ಡರ್ ಮಾಡಿ ಎರಡು ದಿನದಲ್ಲಿ ಗಾಡಿ ಕೊಟ್ಟುಬಿಡಬಹುದಿತ್ತು. ರಾಯರೂ ಅದಕ್ಕೆ ತಯಾರಿದ್ದರು. "ಇನ್ನೊಂದು ಹಾಕಿಬಿಡಪ್ಪಾ, ಈ ಸಲ ಕಂಪನಿಯದ್ದೇ ಹಾಕು, ಹೊರಗಿನದ್ದು ಹಾಕಿದ್ದೇ ತಪ್ಪಾಯ್ತು" ಅಂದರು. ಅಗ್ಗದ್ದಕ್ಕೆ ಬೈಯುವುದು ಸುಲಭ. ಹೊರಗಿನ ಕನ್ವರ್ಟರುಗಳಲ್ಲಿ ಲೋಹ ಕಡಿಮೆ ಹಾಕುವುದುಂಟು, ಬೇಗ ಸುಸ್ತಾಗುತ್ತವೆ, ಅದು ನಿಜ. ಆದರೆ ಸುಸ್ತಾಗುವುದು ಬೇರೆ, ಕರಗುವುದು ಬೇರೆ. ಒಳಗೆ ಪೆಟ್ರೋಲ್ ಉರಿದರೆ ಕಂಪನಿಯದ್ದೂ ಕರಗುತ್ತದೆ. ನಾನು ಎರಡು ದಿನ ಕೇಳಿದೆ. ರಾಯರು ಒಲ್ಲದ ಮನಸ್ಸಿನಿಂದ ಒಪ್ಪಿದರು.

ಕಾಫಿ ಹೊತ್ತಿನ ಒಂದು ಮಾತು

ನಿಜವಾದ ತಿರುವು ಸಿಕ್ಕಿದ್ದು ಯಾವ ಗೇಜಿನಿಂದಲೂ ಅಲ್ಲ. ಲೈಟ್ ಮೊದಲು ಬಂದಿದ್ದು ಎಲ್ಲಿ, ಹೇಗೆ ಅಂತ ರಾಯರನ್ನು ಕೇಳುತ್ತಾ ಕೂತಿದ್ದೆ. ಅವರು ಯೋಚಿಸಿ ಹೇಳಿದರು:

"ಪೂರ್ತಿ ಹತ್ತಿಕೊಂಡಿದ್ದು ಆಮೇಲೆ. ಅದಕ್ಕೂ ಮೊದಲು ಘಾಟಿ ಹತ್ತುವಾಗ ಒಂದೆರಡು ತಿರುವಿನಲ್ಲಿ ಮಿಣ ಮಿಣ ಅಂತಿತ್ತು. ಮೇಲೆ ಬಂದ ಮೇಲೆ ತಾನೇ ಸುಮ್ಮನಾಗ್ತಿತ್ತು. ಅದಕ್ಕೆ ನಾನೂ ಸುಮ್ಮನಾದೆ."

"ಎಷ್ಟು ದಿನದಿಂದ, ರಾಯರೇ?"

"ಮೊದಲನೇ ಸಲ ಗ್ಯಾರೇಜಿಗೆ ಹೋಗೋಕೆ ಮುಂಚೆ ಎರಡು ಮೂರು ತಿಂಗಳು. ಹೊಸದು ಹಾಕಿಸಿದ ಮೇಲೂ ಹಾಗೇ ಇತ್ತು."

ಚೆಕ್ ಎಂಜಿನ್ ಲೈಟ್ ಸ್ಥಿರವಾಗಿ ಹತ್ತಿದರೆ ಗ್ಯಾರೇಜಿಗೆ ಬಾ ಅಂತ ಅರ್ಥ. ಮಿಣುಕಿದರೆ ಈಗಲೇ ಕಾಲು ತೆಗಿ ಅಂತ ಅರ್ಥ. ಕನ್ವರ್ಟರ್ ಸುಡುವಷ್ಟು ಮಿಸ್ಸಿಂಗ್ ಈ ಕ್ಷಣ ನಡೆಯುತ್ತಿದೆ ಅಂತ ಕಂಪ್ಯೂಟರ್ ಕೂಗುತ್ತಿರುತ್ತದೆ. ಮ್ಯಾನುಯಲ್‌ನಲ್ಲಿ ಇದನ್ನು ಬರೆದಿರುತ್ತಾರೆ. ಮ್ಯಾನುಯಲ್ ಓದುವವರು ಯಾರು? ಗಾಡಿ ಡೆಲಿವರಿ ಕೊಡುವಾಗ ಹಾರ ಹಾಕಿ ಫೋಟೋ ತೆಗೆಯುವವರು ಈ ಒಂದು ಮಾತು ಹೇಳಿದ್ದರೆ ಸಾಕಿತ್ತು.

ರಾಯರು ಇನ್ನೊಂದು ವಿಷಯ ನೆನಪಿಸಿಕೊಂಡರು. ಮೊದಲ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಿಡಿದ ಹುಡುಗ "ಎರಡು ಕೋಡ್ ಇದೆ" ಅಂದಿದ್ದನಂತೆ. ಎರಡನ್ನೂ ಅಳಿಸಿದರು. ಮಿಸ್ಸಿಂಗ್ ಕೋಡು ಹುಟ್ಟಿದ ಕ್ಷಣದ ಸ್ಪೀಡು, ಲೋಡು, ಬಿಸಿ ಎಲ್ಲಾ ಕಂಪ್ಯೂಟರಿನಲ್ಲಿ ಬರೆದಿರುತ್ತದೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ಸಾಕ್ಷಿಯನ್ನು ನೀರು ಹಾಕಿ ತೊಳೆದ ಹಾಗೆ.

ಅವರು ಇಂಜೆಕ್ಟರ್ ಯಾಕೆ ಕ್ಲೀನ್ ಮಾಡಿದರು ಅನ್ನುವುದೂ ಈಗ ಹೊಳೆಯಿತು. ಒಂದು ಸಿಲಿಂಡರ್ ಉರಿಯದೇ ಹೋದರೆ ಅದರ ಪೆಟ್ರೋಲ್ ಜೊತೆಗೆ ಅದರ ಗಾಳಿಯೂ ಹಾಗೇ ಹೊರಗೆ ಬರುತ್ತದೆ. ಮುಂದಿನ ಸೆನ್ಸರಿಗೆ ಕಾಣುವುದು ಆ ಆಮ್ಲಜನಕ ಮಾತ್ರ. ಪೆಟ್ರೋಲ್ ಸಾಲುತ್ತಿಲ್ಲ ಅಂತ ಅದು ತಪ್ಪು ತಿಳಿಯುತ್ತದೆ. ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡಿದೆ ಅನ್ನುವ ಲೆಕ್ಕ, ಪ್ಲಸ್ ತೋರಿಸುತ್ತದೆ. ಅದನ್ನು ನೋಡಿದ ಮೆಕ್ಯಾನಿಕ್ ಇಂಜೆಕ್ಟರ್ ಕಟ್ಟಿಕೊಂಡಿದೆ ಅಂದುಕೊಳ್ಳುತ್ತಾನೆ. ಅವರು ದಡ್ಡರಾಗಿರಲಿಲ್ಲ. ನಂಬರ್ ಅವರಿಗೆ ಸುಳ್ಳು ಹೇಳಿತು. ಆದರೂ ಆ ಎರಡನೇ ಕೋಡನ್ನು ಬಿಟ್ಟಿದ್ದಕ್ಕೆ ಕ್ಷಮೆ ಇಲ್ಲ. ಜ್ವರ ಎತ್ತಿಗೆ, ಬರೆ ಎಮ್ಮೆಗೆ.

ಕೆರೆ ಏರಿಯ ಮೇಲೆ

ಮಿಸ್ಸಿಂಗ್ ಘಾಟಿಯಲ್ಲಿ ಮಾತ್ರ ಬರುತ್ತದೆ ಅಂದಮೇಲೆ ಘಾಟಿಯನ್ನೇ ಸೃಷ್ಟಿಸಬೇಕು. ಆ ಕರಗಿದ ಕನ್ವರ್ಟರನ್ನೇ ವಾಪಸ್ ಕೂರಿಸಿ, ಗಾಡಿ ಚೆನ್ನಾಗಿ ಬಿಸಿ ಮಾಡಿ, ಊರ ಹೊರಗಿನ ಕೆರೆ ಏರಿ ಕಡೆ ಹೊರಟೆವು. ಹುಡುಗ ಪಕ್ಕದಲ್ಲಿ ಸ್ಕ್ಯಾನರ್ ಹಿಡಿದು ಕೂತಿದ್ದ. ಏರಿನಲ್ಲಿ ಗೇರ್ ಇಳಿಸದೆ ಮೂರರಲ್ಲೇ, ಕಡಿಮೆ ಆರ್‌ಪಿಎಂನಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಎಳೆಸಿದೆ. ಕಡಿಮೆ ಆರ್‌ಪಿಎಂನಲ್ಲಿ ಹೊಗೆಯೂ ಕಡಿಮೆ, ಹಾಗಾಗಿ ಕನ್ವರ್ಟರ್ ಕಟ್ಟಿದ್ದರೂ ಸಿಲಿಂಡರ್ ತುಂಬಿಕೊಳ್ಳುತ್ತದೆ. ಸಿಲಿಂಡರಿನಲ್ಲಿ ಒತ್ತಡ ಜಾಸ್ತಿಯಾದಷ್ಟೂ ಕಿಡಿ ಹಾರಲು ವೋಲ್ಟೇಜ್ ಜಾಸ್ತಿ ಬೇಕು. ಪ್ಲಗ್ಗಿಗೆ ಆ ವೋಲ್ಟೇಜ್ ಕೊಡುವ ಕಾಯಿಲ್ ಬಲಹೀನವಾಗಿದ್ದರೆ ಬಣ್ಣ ಬಯಲಾಗುವುದು ಆಗಲೇ.

"ಅಣ್ಣಾ, ಎರಡನೇದು ಹನ್ನೊಂದು... ಇಪ್ಪತ್ತಾರು..." ಅಂತ ಹುಡುಗ ಕೂಗಿದ. ಸ್ಟಿಯರಿಂಗ್ ನಡುಗಿತು. ಲೈಟ್ ಮಿಣ ಮಿಣ ಅಂತು. ತಕ್ಷಣ ಕಾಲು ತೆಗೆದೆ.

ಅಲ್ಲೇ ಬಾನೆಟ್ ಎತ್ತಿ ಎರಡನೇ ಮತ್ತು ಮೂರನೇ ಸಿಲಿಂಡರಿನ ಕಾಯಿಲ್‌ಗಳನ್ನು ಅದಲು ಬದಲು ಮಾಡಿದೆವು. ಅದೇ ಏರು, ಅದೇ ಗೇರು. ಈ ಸಲ ಮೂರನೆಯದು ಎಣಿಸತೊಡಗಿತು. ಕಾಯಿಲ್ ಜೊತೆ ರೋಗವೂ ಜಾಗ ಬದಲಿಸಿತು. ಈ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ. ಹತ್ತು ನಿಮಿಷದ ಕೆಲಸ. ಮೊದಲೇ ಮಾಡಿದ್ದರೆ ₹11,000 ಉಳಿಯುತ್ತಿತ್ತು. ಬಹುಶಃ ಕಾರಿನ ಜೊತೆ ಬಂದ ಮೊದಲ ಕನ್ವರ್ಟರೂ.

ಕಾಯಿಲ್ ಬಿಚ್ಚಿ ಬಿಸಿಲಿಗೆ ಹಿಡಿದಾಗ ಪ್ಲಗ್ಗಿನ ಮೇಲೆ ಕೂರುವ ಅದರ ರಬ್ಬರ್ ಬೂಟಿನ ಮೇಲೆ ಕೂದಲೆಳೆಯಂಥ ಒಂದು ಕಪ್ಪು ಗೆರೆ ಕಂಡಿತು. ಕಿಡಿ ಪ್ಲಗ್ಗಿನ ತುದಿಗೆ ಹೋಗುವ ಬದಲು ಆ ಗೆರೆ ಹಿಡಿದು ಪಕ್ಕದ ಲೋಹಕ್ಕೆ ಹಾರುತ್ತಿತ್ತು. ರಾಯರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಕಳ್ಳ ಸಿಕ್ಕಿದ, ₹1,900ರ ಕಾಯಿಲ್, ಅದನ್ನೂ ಪ್ಲಗ್‌ಗಳನ್ನೂ ಹಾಕಿ, ಕನ್ವರ್ಟರ್ ಹಾಕಿದರೆ ಮುಗಿಯಿತು ಅಂತ ಎದೆ ಉಬ್ಬಿಸಿ ಹೇಳಿದೆ.

ನಾನು ಮಾಡಿದ ತಪ್ಪು

ಮುಗಿದಿರಲಿಲ್ಲ. ಮಾರನೇ ದಿನ ಪ್ಲಗ್ ಬದಲಿಸಲು ಚಿಕ್ಕ ಹುಡುಗನಿಗೆ ಹೇಳಿ ನಾನು ಬೇರೆ ಗಾಡಿ ಕೆಳಗೆ ಮಲಗಿದ್ದೆ. ಅವನು ಬಂದು ಪ್ಲಗ್ ಸ್ಪ್ಯಾನರ್ ನನ್ನ ಮುಖದ ಹತ್ತಿರ ಹಿಡಿದ. "ಅಣ್ಣಾ, ಇದು ಯಾಕೆ ಎಣ್ಣೆ?"

ಪ್ಲಗ್ ಕೂರುವ ಆಳದ ಗುಂಡಿ ಒಣಗಿರಬೇಕು. ಎರಡನೇ ಗುಂಡಿಯಲ್ಲಿ ಎಂಜಿನ್ ಆಯಿಲ್ ನಿಂತಿತ್ತು. ಜಾಸ್ತಿ ಅಲ್ಲ, ಎರಡು ಚಮಚ ಇರಬಹುದು. ಟ್ಯಾಪೆಟ್ ಕವರ್, ಅಂದರೆ ಎಂಜಿನ್ನಿನ ಮೇಲಿನ ಮುಚ್ಚಳದ ಕೆಳಗೆ ಪ್ರತಿ ಗುಂಡಿಯ ಸುತ್ತ ಒಂದು ರಬ್ಬರ್ ಸೀಲ್ ಇರುತ್ತದೆ. ಎಂಟು ವರ್ಷದ ಬಿಸಿಗೆ ಅದು ಒಣಗಿ ಹಪ್ಪಳವಾಗಿತ್ತು. ಅಲ್ಲಿಂದ ಆಯಿಲ್ ಜಿನುಗಿ ಕಾಯಿಲಿನ ಬೂಟನ್ನು ನೆನೆಸಿ, ಮೆತ್ತಗೆ ಮಾಡಿ, ಸೀಳಿತ್ತು.

ಕೆರೆ ಏರಿಯ ಮೇಲೆ ಆ ಕಾಯಿಲನ್ನು ಎಳೆದು ತೆಗೆದವನು ನಾನೇ. ಬೂಟು ಜಿಡ್ಡು ಜಿಡ್ಡಾಗಿತ್ತು. ಗ್ಯಾರೇಜಿನಲ್ಲಿ ಕೈಗೆ ಯಾವಾಗಲೂ ಜಿಡ್ಡೇ ಅಲ್ವಾ, ಗಮನವೇ ಹೋಗಲಿಲ್ಲ. ಗುಂಡಿಗೆ ಟಾರ್ಚ್ ಬಿಟ್ಟು ನೋಡಲಿಲ್ಲ. ಹೊಸ ಕಾಯಿಲ್ ಹಾಕಿ ಕಳಿಸಿದ್ದರೆ ಆರೇಳು ತಿಂಗಳಲ್ಲಿ ಅದೂ ನೆನೆದು ಸೀಳುತ್ತಿತ್ತು. ಮೂರನೇ ಕನ್ವರ್ಟರ್ ಕರಗುತ್ತಿತ್ತು. ಮುಂದಿನ ಗ್ಯಾರೇಜಿನವರು ನನ್ನ ಬಗ್ಗೆ ಇದೇ ಥರ ಬರೆಯುತ್ತಿದ್ದರು.

ರಾಯರಿಗೆ ಮತ್ತೆ ಫೋನ್ ಮಾಡಿ, ನಿನ್ನೆ ಹೇಳಿದ್ದು ಅರ್ಧ ಸತ್ಯ ಅಂದೆ. ಅವರು ನಕ್ಕರು. ಹುಡುಗನಿಗೆ ಆ ವಾರ ಒಂದು ಸಾವಿರ ಹೆಚ್ಚಿಗೆ ಕೊಟ್ಟೆ.

ಎಣ್ಣೆಯ ಬಗ್ಗೆ ಇನ್ನೊಂದು ಮಾತು. ಇಲ್ಲಿ ಅದು ಸೋರಿದ್ದು ಹೊರಗಿನ ಗುಂಡಿಗೆ, ಹಾಗಾಗಿ ನೇರವಾಗಿ ಕನ್ವರ್ಟರಿಗೆ ಹೋಗಲಿಲ್ಲ. ಪಿಸ್ಟನ್ ರಿಂಗ್ ಸವೆದು ಸಿಲಿಂಡರಿನಲ್ಲೇ ಆಯಿಲ್ ಉರಿಯುವ ಗಾಡಿಗಳಲ್ಲಿ ಬೇರೆ ಥರದ ಸಾವು. ಎಂಜಿನ್ ಆಯಿಲ್‌ನಲ್ಲಿ ಸವೆತ ತಡೆಯಲು ರಂಜಕ ಮತ್ತು ಸತು ಸೇರಿಸಿರುತ್ತಾರೆ. ಅವು ಲೇಪದ ಮೇಲೆ ಪದರವಾಗಿ ಕೂತು ಲೋಹವನ್ನು ಮುಚ್ಚಿಬಿಡುತ್ತವೆ. ಹಿಂದೆ ಪೆಟ್ರೋಲಿನಲ್ಲಿದ್ದ ಸೀಸ ಮಾಡುತ್ತಿದ್ದ ಕೆಲಸವೂ ಅದೇ. 1995ರ ಏಪ್ರಿಲ್‌ನಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯ ಮಾಡಿದಾಗ ಅಲ್ಲಿ ಸೀಸವಿಲ್ಲದ ಪೆಟ್ರೋಲನ್ನೂ ತರಲೇಬೇಕಾಯಿತು. ದೇಶದ ಎಲ್ಲಾ ಬಂಕುಗಳಿಂದ ಸೀಸ ಹೋಗಿದ್ದು 2000ದ ಫೆಬ್ರವರಿಯಲ್ಲಿ. ನನ್ನ ಗುರುಗಳು ಸೀಸದ ಪೆಟ್ರೋಲ್ ಕಾಲದ ಮೆಕ್ಯಾನಿಕ್. ಕನ್ವರ್ಟರ್ ಅಂದರೆ ಅವರಿಗೆ ಕೊನೆವರೆಗೂ ಸೈಲೆನ್ಸರ್‌ಗೆ ಬಂದ ಗಂಟುರೋಗ.

ಒಡೆದು ತೆಗೆಯಿರಿ ಅಂದವರು

ಕಂಪನಿಯ ಕನ್ವರ್ಟರಿನ ಬೆಲೆ ₹38,000. ಕೇಳಿದ ರಾಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರ ಪರಿಚಯದವರೊಬ್ಬರು ಸಲಹೆ ಕೊಟ್ಟರು: "ಒಳಗಿನ ಜೇನುಗೂಡು ಕುಟ್ಟಿ ಉದುರಿಸಿ ಖಾಲಿ ಡಬ್ಬಿ ಹಾಕಿಸಿ. ಪಿಕಪ್ ಸೂಪರ್ ಬರುತ್ತೆ. ಯಾರು ನೋಡ್ತಾರೆ?"

ಈ ಕೆಲಸ ಮಾಡುವವರು ಊರೂರಲ್ಲಿ ಇದ್ದಾರೆ. ಪಿಕಪ್ ಬರುವುದೂ ನಿಜ, ಯಾಕೆಂದರೆ ಕಟ್ಟಿದ್ದ ದಾರಿ ಬಿಡುತ್ತದೆ. ಹೊಸ ಕನ್ವರ್ಟರ್ ಹಾಕಿದರೂ ಅದೇ ಪಿಕಪ್ ಬರುತ್ತದೆ. ನಾನು ಮಾಡುವುದಿಲ್ಲ ಅಂದೆ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ ಮಾಲಿನ್ಯದ ನಿಯಮ ಮುರಿದ ಗಾಡಿ ಓಡಿಸಿದರೆ ಮೊದಲ ಸಲಕ್ಕೇ ₹10,000ದವರೆಗೆ ದಂಡ ಇದೆ, ಜೈಲೂ ಇದೆ. ಆದರೆ ರಾಯರಿಗೆ ನಾನು ಹೇಳಿದ್ದು ಕಾನೂನನ್ನಲ್ಲ. ಅವರ ಕಾರು ನಿಲ್ಲುವುದು ಮನೆಯ ಪೋರ್ಟಿಕೋದಲ್ಲಿ, ಅಡುಗೆಮನೆ ಕಿಟಕಿಯ ಪಕ್ಕ. ದಿನಾ ಬೆಳಿಗ್ಗೆ ಅಲ್ಲೇ ಸ್ಟಾರ್ಟ್ ಆಗುತ್ತದೆ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಅಷ್ಟು ಸಾಕಾಯಿತು.

ಅವರ ಎಮಿಷನ್ ಸರ್ಟಿಫಿಕೇಟಿನ ಕಥೆ ಇಲ್ಲೇ ಹೇಳಬೇಕು. ನಮ್ಮಲ್ಲಿಗೆ ಬರುವ ಎರಡು ತಿಂಗಳ ಹಿಂದಷ್ಟೇ ಬಂಕಿನ ಪಕ್ಕದ ವ್ಯಾನಿನಲ್ಲಿ ಟೆಸ್ಟ್ ಮಾಡಿಸಿದ್ದರು. ಬಿಎಸ್4 ಪೆಟ್ರೋಲ್ ಕಾರಿಗೆ ಐಡಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 0.3, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ. ಇವರದ್ದು ಶೇ 0.21 ಮತ್ತು 148. ಪಾಸ್! ಯಾರೂ ಮೋಸ ಮಾಡಿರಲಿಲ್ಲ. ನಿಂತ ಗಾಡಿಯಲ್ಲಿ ಮಿಸ್ಸಿಂಗ್ ಇರಲೇ ಇಲ್ಲ. ಘಾಟಿಯ ಮೂರನೇ ತಿರುವಿನಲ್ಲಿ ನಡೆಯುವುದು ಬಂಕಿನ ಪಕ್ಕ ನಿಂತಾಗ ಹೇಗೆ ಕಾಣಬೇಕು? ಆ ಚೀಟಿ ಕೈಯಲ್ಲಿದ್ದ ಧೈರ್ಯಕ್ಕೆ ರಾಯರು ಮಿಣುಕುವ ಲೈಟನ್ನು ಇನ್ನೂ ಎರಡು ತಿಂಗಳು ಸಹಿಸಿಕೊಂಡರು.

ಕೊನೆಗೆ ಕಂಪನಿಯದ್ದೇ ತರಿಸಲು ಒಪ್ಪಿದರು. ಅದು ಬರಲು ಎಂಟು ದಿನ ಹಿಡಿಯಿತು. ಅಷ್ಟರಲ್ಲಿ ಟ್ಯಾಪೆಟ್ ಕವರಿನ ಗ್ಯಾಸ್ಕೆಟ್, ನಾಲ್ಕೂ ಸೀಲ್, ನಾಲ್ಕೂ ಪ್ಲಗ್ ಬದಲಿಸಿ, ಗುಂಡಿಗಳನ್ನು ಒರೆಸಿ ಒಣಗಿಸಿದೆವು. ಕಾಯಿಲ್ ಒಂದನ್ನೇ ಬದಲಿಸಿದೆ. ಉಳಿದ ಮೂರರ ಬೂಟು ಚೆನ್ನಾಗಿದ್ದವು.

ಹೊಸದು ಹಾಕಿದ ಮೇಲೆ

ಹೊಸ ಕನ್ವರ್ಟರ್ ಹಾಕಿ ಕೀಲಿ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ಮೊದಲು ಕೆರೆ ಏರಿ, ಆಮೇಲೆ ರಾಯರನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿ ಘಾಟಿ. ನಾನು ಪಕ್ಕದಲ್ಲಿ ಸ್ಕ್ಯಾನರ್ ಹಿಡಿದಿದ್ದೆ. ಕೌಂಟರ್ ಒಂದಕ್ಕಿಂತ ಹೆಚ್ಚು ತೋರಿಸಿದರೆ ಅಲ್ಲೇ ನಿಲ್ಲಿಸುವುದು ಅಂತ ಮಾತಾಗಿತ್ತು. ನಾಲ್ಕೂ ಸಿಲಿಂಡರ್ ಮೇಲೆ ಬರುವ ತನಕ ಸೊನ್ನೆ. ಮುಂದಿನ ಸೆನ್ಸರ್ ಉಯ್ಯಾಲೆ ಆಡುತ್ತಿತ್ತು, ಹಿಂದಿನದ್ದು 0.7ರಲ್ಲಿ ತೆಪ್ಪಗಿತ್ತು. ಫ್ಯೂಯಲ್ ಟ್ರಿಮ್ ಪ್ಲಸ್ 14ರಿಂದ ಪ್ಲಸ್ 2ಕ್ಕೆ ಇಳಿದಿತ್ತು. ರಾಯರು ಒಂದು ಲಾರಿಯನ್ನು ಓವರ್‌ಟೇಕ್ ಮಾಡಿದರು. ಹಾರ್ನ್ ಸ್ವಲ್ಪ ಜಾಸ್ತಿಯೇ ಹೊಡೆದರು.

ಎಮಿಷನ್ ಟೆಸ್ಟಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 0.02, ಹೈಡ್ರೋಕಾರ್ಬನ್ 18 ಪಿಪಿಎಂ ಬಂತು. ಮೊದಲೂ ಪಾಸ್, ಈಗಲೂ ಪಾಸ್. ಚೀಟಿಯ ಬಣ್ಣ ಒಂದೇ.

ಈಗ 14 ತಿಂಗಳಾಗಿದೆ, 17,000 ಕಿಲೋಮೀಟರ್ ಓಡಿದೆ. ಪ್ರತಿ ಸರ್ವೀಸಿನಲ್ಲಿ ಎರಡನೇ ಗುಂಡಿಗೆ ಟಾರ್ಚ್ ಬಿಡುತ್ತೇವೆ. ಒಣಗಿದೆ. ಒಂದು ವಿಷಯ ಮಾತ್ರ ಬಗೆಹರಿದಿಲ್ಲ. ಕನ್ವರ್ಟರ್ ಕೆಲಸ ಶುರು ಮಾಡುವುದು 250–300 ಡಿಗ್ರಿಗೆ ಬಂದ ಮೇಲೆ. ದೇವಸ್ಥಾನದ ಎರಡು ಕಿಲೋಮೀಟರಿನಲ್ಲಿ ಅದು ಬಿಸಿಯಾಗುವ ಹೊತ್ತಿಗೆ ಪ್ರಯಾಣವೇ ಮುಗಿಯುತ್ತಾ ಬಂದಿರುತ್ತದೆ. ತಣ್ಣಗಿರುವಷ್ಟು ಹೊತ್ತೂ ಹೊಗೆ ಹಾಗೇ ಹೊರಗೆ. ನಡೆದುಕೊಂಡು ಹೋಗಿ ರಾಯರೇ ಅಂದೆ. "ಮಂಡಿ ನೋವಪ್ಪಾ" ಅಂದರು. ಅದಕ್ಕೆ ನನ್ನ ಹತ್ತಿರ ಸ್ಪೇರ್ ಪಾರ್ಟ್ ಇಲ್ಲ.

ಕಾರಿನ ಮೊದಲ ಕನ್ವರ್ಟರ್, ಕಂಪನಿಯಿಂದ ಬಂದಿದ್ದು, ಎಲ್ಲಿ ಅಂತ ರಾಯರನ್ನು ಕೇಳಿದ್ದೆ. ಮೊದಲ ಗ್ಯಾರೇಜಿನವರು ಇಟ್ಟುಕೊಂಡರಂತೆ. ಇವರು ಕೇಳಲಿಲ್ಲ, ಅವರು ಕೊಡಲಿಲ್ಲ. ಅದು ಸಿಕ್ಕಿದ್ದರೆ ಅದರ ಮುಖ ನೋಡಿಯೇ ಅರ್ಧ ಕಥೆ ಗೊತ್ತಾಗುತ್ತಿತ್ತು. ಕರಗಿದ್ದರೆ ಮಿಸ್ಸಿಂಗ್, ಇಡೀ ಮುಖ ಬೂದಿ ಬಳಿದ ಹಾಗಿದ್ದರೆ ಆಯಿಲ್, ಒಡೆದು ಗಲಗಲ ಅಂದರೆ ಕೆಳಗಿನಿಂದ ಪೆಟ್ಟು. ಗುಜರಿಯವರು ಇವನ್ನು ಹುಡುಕಿಕೊಂಡು ಬಂದು ಒಳ್ಳೆ ರೇಟ್ ಕೊಡುತ್ತಾರೆ, ಒಳಗಿನ ಲೋಹಕ್ಕಾಗಿ. ಹಳೆ ಸಾಮಾನು ನಿಮ್ಮದು. ಕೇಳಿ ತೆಗೆದುಕೊಳ್ಳಿ.

ಎರಡನೆಯದು, ಆ ಕರಗಿದ್ದು, ನಮ್ಮ ಕೌಂಟರ್ ಮೇಲೆ ಇದೆ. ರಾಯರೇ ಇಟ್ಟುಕೋ ಅಂತ ಕೊಟ್ಟರು. ಹಪ್ಪಳವಾದ ಸೀಲನ್ನು ಅದರ ಮೇಲೆ ಇಟ್ಟಿದ್ದೇನೆ. ಗುಜರಿಯವನು ಬಂದಾಗಲೆಲ್ಲ ಕನ್ವರ್ಟರನ್ನು ಕೈಯಲ್ಲಿ ತೂಗಿ ನೋಡಿ ರೇಟ್ ಹೇಳುತ್ತಾನೆ. ಸೀಲನ್ನು ಎತ್ತಿ ಪಕ್ಕಕ್ಕೆ ಇಡುತ್ತಾನೆ.